ಹುಣ್ಣಿಮೆಯ ಮರುದಿನ, ಮಟಮಟ ಮಧ್ಯಾಹ್ನ

ಕಳೆದ ಭಾನುವಾರ ಶಿರಸಿಯಿಂದ ಬಂದಿದ್ದ ಅಕ್ಕ, ಭಾವ, ಅವರ ಮಗಳನ್ನು ಕಾರವಾರದ ಕೋಡಿಬಾಗ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ವನಕ್ಕೆ ಕರೆದುಕೊಂಡು ಹೋಗಿದ್ದೆ. ಕಾಳಿ ನದಿ ಕಡಲು ಸೇರುವ ಜಾಗ. ಗಿಡಗಳ ನಡುವೆ ಹಾಕಿರುವ ಹಲಗೆ ದಾರಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದು, ನಾಲ್ಕು ಫೋಟೊ ತೆಗೆದ ಮೇಲೆ ಭಾವ ಮೂಗಿಗೆ ಕರವಸ್ತ್ರ ಹಿಡಿದು ಕೇಳಿದ: "ಹಕ್ಕಿಗಳು ಎಲ್ಲಿವೆ ಮಾರಾಯ?"

ದೂರದಲ್ಲೊಂದು ಗರುಡ ಸುತ್ತು ಹಾಕುತ್ತಿತ್ತು. ತೋರಿಸಿದೆ. ಅವನಿಗೆ ಸಮಾಧಾನವಾಗಲಿಲ್ಲ.

ಅವನ ತಪ್ಪಲ್ಲ. ಅವನ ಕಣ್ಣು ಪಳಗಿದ್ದು ಸೋಂದಾದ ಮುಂಡಿಗೆಕೆರೆಯಲ್ಲಿ. ಅಲ್ಲಿ ಮಳೆ ಹಿಡಿಯುತ್ತಿದ್ದಂತೆ ಬೆಳ್ಳಕ್ಕಿಗಳು ಬಂದು ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ಹಸಿರಿನ ಮೇಲೆ ಅರಳೆ ಚೆಲ್ಲಿದ ಹಾಗೆ, ಕಣ್ಣು ಮುಚ್ಚಿದರೂ ಕಾಣುತ್ತದೆ. ನಮ್ಮ ಕಾಂಡ್ಲಾದ ಹಕ್ಕಿಗಳಲ್ಲಿ ಹೆಚ್ಚಿನವು ಕೆಸರಿನ ಬಣ್ಣದವು. ಚಳಿಗಾಲಕ್ಕೆ ಹೊಟ್ಟೆಪಾಡಿಗೆ ಬಂದವು, ಬಾಣಂತನಕ್ಕಲ್ಲ.

ನಿಜವಾದ ತಪ್ಪು ನನ್ನದು. ಹುಣ್ಣಿಮೆಯ ಮರುದಿನ ಮಟಮಟ ಮಧ್ಯಾಹ್ನ ಕರೆದುಕೊಂಡು ಹೋಗಿದ್ದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನಮ್ಮ ಕರಾವಳಿಯಲ್ಲಿ ನಡುಹಗಲಿನ ಹೊತ್ತಿಗೆ ಉಬ್ಬರ. ನೀರು ಕಾಂಡ್ಲಾದ ಸೊಂಟ ಮುಟ್ಟಿರುತ್ತದೆ, ಹಕ್ಕಿಗಳು ಮೇಯುವ ಕೆಸರು ಮುಳುಗಿರುತ್ತದೆ. ಊಟದ ಎಲೆಯ ಮೇಲೆ ನೀರು ನಿಂತರೆ ಉಣ್ಣುವವರು ಏನು ಮಾಡಬೇಕು? ಎದ್ದು ಹೋಗುತ್ತಾರೆ. ಹಕ್ಕಿಗಳೂ ಅಷ್ಟೇ. ಇಷ್ಟು ವರ್ಷ ಕಾರವಾರದಲ್ಲಿದ್ದೂ ನಾನು ನೋಡಿದ್ದು ಭಾನುವಾರವನ್ನು, ಪಂಚಾಂಗವನ್ನಲ್ಲ.

ಮಧ್ಯಾಹ್ನ ಭಾವ ಸೀಗಡಿ ಹುರಿದದ್ದನ್ನು ಎರಡು ಸಲ ಹಾಕಿಸಿಕೊಂಡು ಮಲಗಿದ. (ಸೀಗಡಿಯ ಮರಿಗಳು ಬೆಳೆಯುವುದು ಅವನು ಮೂಗು ಮುಚ್ಚಿಕೊಂಡ ಅಂಥದೇ ಕೆಸರಿನಲ್ಲಿ ಎಂದು ಆಗ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.) ಸಂಜೆ ಐದಕ್ಕೆ ಅಕ್ಕನ ಮಗಳನ್ನು ಮಾತ್ರ ಕರೆದುಕೊಂಡು ಮತ್ತೆ ಹೋದೆ. ನೀರು ಇಳಿದಿತ್ತು. ಕಾಂಡ್ಲಾದ ಉಸಿರುಬೇರುಗಳು ಪೆನ್ಸಿಲ್ ನೆಟ್ಟಂತೆ ಕೆಸರಿನಿಂದ ಎದ್ದು ನಿಂತಿದ್ದವು. ಅವುಗಳ ನಡುವೆ ಹೆಬ್ಬೆರಳಿನಷ್ಟು ದೊಡ್ಡ ಏಡಿಗಳು. ಗಂಡುಗಳಿಗೆ ಒಂದೇ ಒಂದು ಭಾರಿ ಕೊಂಬು, ಅಂದರೆ ಇಕ್ಕಳದಂಥ ಮುಂಗಾಲು. ಅದನ್ನು ಎತ್ತಿ ಇಳಿಸಿ ಯಾರನ್ನೋ ಕರೆಯುತ್ತಿರುತ್ತವೆ.

ಅವುಗಳ ಕರೆಗೆ ಓಗೊಟ್ಟು ಬಂದದ್ದು ವಿಂಬ್ರೆಲ್, ಸೈಬೀರಿಯಾ ಕಡೆಯಿಂದ ಬರುವ ವಲಸೆ ಹಕ್ಕಿ. ಕಂದು ಮೈ, ನೆತ್ತಿಯ ಮೇಲೆ ಪಟ್ಟೆ, ತುದಿಯಲ್ಲಿ ಕೆಳಕ್ಕೆ ಬಾಗಿದ ಉದ್ದ ಕೊಕ್ಕು. ಏಡಿಯ ಬಿಲವೂ ಬಾಗಿಯೇ ಇರುತ್ತದೆ. ಕೊಕ್ಕು ಅದಕ್ಕೆ ಅಳತೆ ಕೊಟ್ಟು ಹೊಲಿಸಿದಂತಿದೆ. ಬಿಲದೊಳಗೆ ಕೊಕ್ಕು ಇಳಿಸಿ, ತಲೆ ಓರೆ ಮಾಡಿ, ಏಡಿಯನ್ನು ಎಳೆದು ತೆಗೆಯಿತು. ಒದರಿತು. ಒಂದು ಕಾಲು ಹಾರಿತು, ಕೊಂಬು ಕಳಚಿತು. ಉಳಿದದ್ದನ್ನು ಮೇಲಕ್ಕೆಸೆದು ನುಂಗಿತು. "ಅಮ್ಮ ನನಗೆ ಸಿಪ್ಪೆ ತೆಗೆದು ಕೊಟ್ಟ ಹಾಗೆ" ಎಂದಳು ಹುಡುಗಿ. ಪಕ್ಕದ ಕಾಲುವೆಯಲ್ಲಿ ಬಾಲ ಕುಣಿಸುತ್ತ ಗದ್ದೆಗೊರವ, ಕೊಂಬೆಯ ಮೇಲೆ ಕರಿ ಟೋಪಿಯ ಮಿಂಚುಳ್ಳಿ. ಕೊಳಬಕಗಳನ್ನು ಎಣಿಸುವುದನ್ನು ಅವಳು ಹನ್ನೊಂದಕ್ಕೆ ಬಿಟ್ಟಳು.

ನನ್ನ ಸಿಟ್ಟು ಇರುವುದು ಇನ್ನೊಂದು ಕಡೆ. ಅಂದು ಹಲಗೆಯ ಮೇಲೆ ನಿಂತಿದ್ದ ಒಬ್ಬರು, ಈ ಕೊಳಕೆಲ್ಲ ತೆಗೆದು ಕಲ್ಲು ಕಟ್ಟಿ ಬಣ್ಣದ ದೀಪ ಹಾಕಿದರೆ ಪ್ರವಾಸಿಗರು ಬರುತ್ತಾರೆ ಎಂದರು. ಪೇಟೆಯ ಮಗ್ಗುಲಲ್ಲೇ ಇರುವ ಹಸಿಭೂಮಿಯ ಹಣೆಬರಹವೇ ಇದು. ಎಲ್ಲರಿಗೂ ಅದು ಅರ್ಧಕ್ಕೆ ನಿಂತ ಪಾರ್ಕ್‌ನಂತೆ ಕಾಣುತ್ತದೆ. ಭಾವ ಮೂಗು ಮುಚ್ಚಿಕೊಂಡ ಆ ವಾಸನೆ ಕೊಳಕಿನದೇ ಆಗಬೇಕಿಲ್ಲ. ಗಾಳಿಯಾಡದ ಕೆಸರಿನಲ್ಲಿ ಎಲೆ ಕೊಳೆಯುವಾಗ ಸೂಕ್ಷ್ಮಜೀವಿಗಳು ಬಿಡುವ ಗಂಧಕದ ಅನಿಲ ಅದು. ಎಲೆ ಕೊಳೆತರೆ ಏಡಿ, ಏಡಿ ಇದ್ದರೆ ವಿಂಬ್ರೆಲ್. ಕೊಳಕು ಎಂದರೆ ಬೇರುಗಳಿಗೆ ಸುತ್ತಿಕೊಂಡ ಚಿಪ್ಸ್ ಪೊಟ್ಟಣಗಳು. ಅವು ಏಡಿಗಳು ತಂದವಲ್ಲ.

ಈ ನದಿಯಿಂದ ನಾವು ಪಡೆದದ್ದು ಕಡಿಮೆಯೇ? ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಮೇಲಿನಿಂದ ಕೆಳಗಿನವರೆಗೆ ಅಣೆಕಟ್ಟು ಕಟ್ಟಿದ್ದೇವೆ. ಕೈಗಾ ಅಣುಸ್ಥಾವರಕ್ಕೂ ಇದೇ ನೀರು. ಅಳಿವೆಯಲ್ಲಿ ಸಿಹಿನೀರು ಎಷ್ಟು, ಉಪ್ಪು ಎಷ್ಟು ಎಂಬುದನ್ನು ಈಗ ಮಳೆಯೊಂದೇ ನಿರ್ಧರಿಸುವುದಿಲ್ಲ, ವಿದ್ಯುತ್ ಬೇಡಿಕೆಯೂ ನಿರ್ಧರಿಸುತ್ತದೆ. ಅತ್ತ ಕುಮಟಾದ ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಗೆ 2024ರಲ್ಲಿ ಜಗತ್ತಿನ ಮಹತ್ವದ ಹಸಿಭೂಮಿಗಳ ರಾಮ್ಸಾರ್ ಪಟ್ಟಿಯ ಗೌರವ ಸಿಕ್ಕಿತು. ಖುಷಿಯೇ. ಆದರೆ ಇಷ್ಟೆಲ್ಲ ಕಟ್ಟಿಸಿಕೊಂಡ ಮೇಲೂ ಸೈಬೀರಿಯಾದ ಹಕ್ಕಿಗೆ ಊಟ ಹಾಕುತ್ತಿರುವ ಕಾಳಿಯ ಬಗ್ಗೆ ನನಗೆ ಅಭಿಮಾನ ಒಂದು ತೂಕ ಹೆಚ್ಚು.

ಮುಂದಿನ ಅಮಾವಾಸ್ಯೆಯ ಮರುದಿನ ಸಂಜೆ ಮತ್ತೆ ಹೋಗುತ್ತೇನೆ. ಬರುವವರು ಬನ್ನಿ. ದುರ್ಬೀನು ನನ್ನಲ್ಲಿದೆ. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ. ಭಾವ ಬರುವುದಿಲ್ಲವಂತೆ, ಅವನ ಮಗಳು ಈಗಾಗಲೇ ಬಸ್ಸಿನ ಸಮಯ ಕೇಳಿದ್ದಾಳೆ.