ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬೀಳುತ್ತದಾ?

‘ಕ್ಯಾನ್ಸರ್‌ಗೆ ಸಕ್ಕರೆಯೇ ಊಟ. ಸಕ್ಕರೆ ನಿಲ್ಲಿಸಿ, ಗಡ್ಡೆ ತಾನಾಗೇ ಸಾಯುತ್ತದೆ’ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ನಿಜದ ಒಂದು ಎಳೆ ಇದೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಜಾಸ್ತಿ ಎಳೆದುಕೊಳ್ಳುತ್ತವೆ ಎಂದು ಜರ್ಮನಿಯ ಓಟೊ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಪೆಟ್ ಸ್ಕ್ಯಾನ್ ಗಡ್ಡೆ ಹುಡುಕುವುದೂ ಈ ಗುಣದಿಂದಲೇ.

ಆದರೆ ಮೂಲ ಎಡವಟ್ಟು ಇರುವುದು ಜೀನ್‌ಗಳಲ್ಲಿ. ರಾಸ್ ಎಂಬ ಪ್ರೋಟೀನ್ ನೋಡಿ. ‘ಬೆಳೆ’ ಎಂಬ ಸೂಚನೆ ಬಂದಾಗ ಆನ್ ಆಗಿ, ಕೆಲಸ ಮುಗಿದ ಮೇಲೆ ಆಫ್ ಆಗಬೇಕಾದ ಸ್ವಿಚ್ ಅದು. ಅದರ ಜೀನಿನಲ್ಲಿ ಒಂದೇ ಒಂದು ಡಿಎನ್‌ಎ ಅಕ್ಷರ ಬದಲಾದರೂ ಸ್ವಿಚ್ ಆನ್ ಆಗಿಯೇ ಉಳಿದುಬಿಡಬಹುದು. 1982ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕೋಶದಲ್ಲಿ ಸಿಕ್ಕಿದ್ದು ಇಂಥದೇ ತಪ್ಪು: ಪ್ರೋಟೀನಿನ 12ನೇ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲದ ಬದಲು ವ್ಯಾಲಿನ್ ಎಂಬ ಇನ್ನೊಂದು. ಕೋಶದ ಬೆಳವಣಿಗೆಗೆ ಬ್ರೇಕ್ ಹಾಕಬೇಕಾದ ಪಿ53 ಎಂಬ ಪ್ರೋಟೀನ್ ಕೂಡ ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಕೆಟ್ಟಿರುತ್ತದೆ. ಟೀಗೆ ಸಕ್ಕರೆ ಹಾಕದಿದ್ದರೆ ಈ ಅಕ್ಷರ ಸರಿಹೋಗುವುದಿಲ್ಲ, ಅಲ್ವಾ?

ಸಕ್ಕರೆ ಬಿಟ್ಟರೂ ಅನ್ನ, ಮುದ್ದೆಯಿಂದ ಗ್ಲೂಕೋಸ್ ಬರುತ್ತದೆ. ಅದನ್ನೂ ಬಿಟ್ಟರೆ ಲಿವರ್ ಮೈಯ ಪ್ರೋಟೀನಿನಿಂದಲೇ ತಯಾರಿಸುತ್ತದೆ. ಕಿಮೋ ನಡೆಯುವಾಗ ಸುಮ್ನೆ ಊಟ ಬಿಟ್ಟು ತೂಕ ಇಳಿದರೆ ಚಿಕಿತ್ಸೆ ತಡೆದುಕೊಳ್ಳುವುದೇ ಕಷ್ಟ. ಬೊಜ್ಜು ಕೆಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುತ್ತದೆ, ಹಾಗಾಗಿ ಸಿಹಿ ಮಿತಿಯಲ್ಲಿರಲಿ. ಅದು ಬೇರೆ ಮಾತು. ರೋಗಿಯ ತಟ್ಟೆಯಲ್ಲಿ ಏನಿರಬೇಕು ಎಂದು ಚಿಕಿತ್ಸೆ ಕೊಡುವ ಡಾಕ್ಟರನ್ನೇ ಕೇಳಿ.