ಕಡಲಿಗೆ ಬೆನ್ನು ಹಾಕಿ ನಿಲ್ಲಿ, ಫೋಟೊ ಚೆನ್ನಾಗಿ ಬರುತ್ತೆ

ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಗಾಡಿ ಹತ್ತಿ, ನೆಲಮಂಗಲ ಟೋಲ್‌ನಲ್ಲಿ ಎರಡು ನಿದ್ದೆ ಮುಗಿಸಿ, ಶಿರಾಡಿ ಘಾಟಿಯಲ್ಲಿ ಟ್ಯಾಂಕರ್ ಹಿಂದೆ ತೆವಳಿ, ಸುಮಾರು 400 ಕಿಲೋಮೀಟರ್ ದಾಟಿ ಉಡುಪಿ ಪಕ್ಕದ ಮಲ್ಪೆಗೆ ಬಂದವರು ಮಾಡುವ ಮೊದಲ ಕೆಲಸ ಏನು ಗೊತ್ತಾ? ಕಡಲಿಗೆ ಬೆನ್ನು ಹಾಕುವುದು. ಫೋಟೊ ತೆಗೀಬೇಕಲ್ಲ.

ಈಗ ಯಾವ ಕಡಲೂರಿಗೆ ಹೋದರೂ 'ಐ ಲವ್' ಅಂತ ಶುರುವಾಗಿ ಊರ ಹೆಸರಲ್ಲಿ ಮುಗಿಯುವ ಆಳೆತ್ತರದ ಅಕ್ಷರಗಳು ಕಾಯುತ್ತಿರುತ್ತವೆ. ಅದರ ಮುಂದೆ ಕ್ಯೂ. ಹಿಂದೆ ಇಡೀ ಅರಬ್ಬೀ ಸಮುದ್ರ ಖಾಲಿ ಬಿದ್ದಿರುತ್ತದೆ, ಅಲ್ಲಿಗೆ ಕ್ಯೂ ಇಲ್ಲ. ಅಲೆ ಸ್ವಲ್ಪ ಜೋರಾಗಿ ಬಂದು ಫ್ರೇಮ್ ಹಾಳಾದರೆ ಸಮುದ್ರಕ್ಕೇ ಬೈಗುಳ.

ಜನರದ್ದೇ ತಪ್ಪು ಅನ್ನಬೇಡಿ. ಸರ್ಕಾರವೂ ಸಾಕಷ್ಟು ಸಹಕಾರ ಕೊಟ್ಟಿದೆ. 2016ರ ಜನವರಿಯಲ್ಲಿ ಮಲ್ಪೆ ಬೀಚ್‌ಗೆ ವೈಫೈ ಬಂತು. ದೇಶದ ಮೊದಲ ವೈಫೈ ಬೀಚ್ ಅಂತ ಹೆಮ್ಮೆಯಿಂದ ಹೇಳಿಕೊಂಡೆವು. ಮೊಬೈಲ್ ಸಿಗ್ನಲ್ ಸಿಗದೆ ಯಾರಾದರೂ ತಪ್ಪಿ ಸೂರ್ಯಾಸ್ತ ನೋಡಿಬಿಟ್ಟರೆ ಅನ್ನುವ ಭಯ ಇತ್ತೇನೋ. ಆಮೇಲೆ 2022ರ ಮೇ ತಿಂಗಳಲ್ಲಿ ತೇಲುವ ಸೇತುವೆ ಬಂತು, ಅದು ರಾಜ್ಯಕ್ಕೇ ಮೊದಲನೆಯದು. ಸೇತುವೆ ಅಂದರೆ ಈ ದಡದಿಂದ ಆ ದಡಕ್ಕೆ ಹೋಗಬೇಕು ಅಂತ ನಾವೆಲ್ಲ ಅಂದುಕೊಂಡಿದ್ದೆವು, ಆದರೆ ಇದು ನೀರೊಳಗೆ ಸುಮಾರು 100 ಮೀಟರ್ ಹೋಗಿ ಸುಮ್ನೆ ನಿಲ್ಲುತ್ತದೆ, ಅಲ್ಲಿಂದ ಮುಂದೆ ಅರಬ್ಬರ ದೇಶ. ಉದ್ಘಾಟನೆಯಾಗಿ ವಾರ ತುಂಬುವ ಮೊದಲೇ ಕಡಲು ಅದನ್ನು ಮುರಿದು ಹಾಕಿತು. ಮಳೆಗಾಲದ ಬಾಗಿಲಲ್ಲಿ ನೀರಿನ ಮೇಲೆ ಸೇತುವೆ ತೇಲಿಸಬೇಡಿ ಅಂತ ಬಂದರಿನಲ್ಲಿ ಬಲೆ ಹೊಲಿಯುತ್ತ ಕೂತ ಯಾವ ಅಜ್ಜನನ್ನು ಕೇಳಿದ್ದರೂ ಪುಕ್ಕಟೆ ಹೇಳುತ್ತಿದ್ದರು. ಆದರೆ ಅಜ್ಜ ಟೆಂಡರ್ ಹಾಕಿರಲಿಲ್ಲ.

ಬಲೆ ಅಂದಾಗ ನೆನಪಾಯಿತು. ಜೂನ್, ಜುಲೈ ಬಂದರೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಬಂದರಿನಲ್ಲಿ ಬೋಟುಗಳು ಸಾಲಾಗಿ ಮಲಗಿರುತ್ತವೆ. ಮೀನಿಗೆ ಬಲೆ ಹಾಕದ ಆ ತಿಂಗಳುಗಳಲ್ಲೇ ಪ್ರವಾಸಿಗರಿಗೆ ಬಲೆ ಹಾಕುತ್ತಾರೆ! ನಿಜ, ತಮಾಷೆಯಲ್ಲ. ಜನ ನೀರಿಗೆ ಇಳಿಯದ ಹಾಗೆ ಬೀಚ್ ಉದ್ದಕ್ಕೂ ಬಲೆ ಕಟ್ಟಿ ಕೆಂಪು ಬಾವುಟ ನೆಡುತ್ತಾರೆ. ಮೀನಿಗಾದರೂ ಬಲೆ ಕಂಡರೆ ಭಯ, ನಮ್ಮವರು ಅದರಡಿಯಲ್ಲಿ ನುಸುಳುತ್ತಾರೆ. ಲೈಫ್‌ಗಾರ್ಡ್ ಸೀಟಿ ಊದಿ ಊದಿ ಸುಸ್ತಾಗಿ ಬಂದು ತಡೆದರೆ, "ನಾವು ಬೆಂಗಳೂರಿಂದ ಬಂದಿದ್ದೇವೆ ಸರ್" ಅನ್ನುವ ಉತ್ತರ. ಅಲೆಗೆ ಇದನ್ನು ಮೊದಲೇ ತಿಳಿಸಿರಬೇಕಿತ್ತು. ಪಾಪ, ಇಡೀ ಬೀಚಿನಲ್ಲಿ ಕಡಲನ್ನು ಕಣ್ಣಿಟ್ಟು ನೋಡುವವನು ಆ ಲೈಫ್‌ಗಾರ್ಡ್ ಒಬ್ಬನೇ, ಅದಕ್ಕೂ ಸಂಬಳ ಕೊಟ್ಟು ಇಡಬೇಕಾಗಿದೆ.

ಅದೇ ಜೂನ್‌ನಲ್ಲಿ ಬಂದವರು ಮೀನು ಮಾರುವವರ ಮುಂದೆ ನಿಂತು, "ಅಕ್ಕಾ, ಅಂಜಲ್ ಫ್ರೆಶ್ ಇದೆಯಾ?" ಅಂತ ಕೇಳುತ್ತಾರೆ. "ಬೋಟೇ ಹೋಗ್ಲಿಲ್ಲ ಮಾರಾಯ್ರೆ, ಫ್ರೆಶ್ ಎಲ್ಲಿಂದ ಬರ್ಬೇಕು?" ಅಂತ ಆಕೆ ನೇರ ಕೇಳಿದರೆ, ಇಲ್ಲಿಯವರಿಗೆ ಮಾತಾಡೋಕೇ ಬರಲ್ಲ ಅಂತ ಸಿಟ್ಟು. ಆಮೇಲೆ ಹೋಗಿ ಗೋಬಿ ಮಂಚೂರಿ ತಿನ್ನುತ್ತಾರೆ. ರಾಜ್ಯದ ದೊಡ್ಡ ಮೀನುಗಾರಿಕೆ ಬಂದರಿಗೆ ಬಂದು ಗೋಬಿ! 2024ರಲ್ಲಿ ಸರ್ಕಾರ ಅದರ ಕೃತಕ ಬಣ್ಣಕ್ಕೆ ನಿಷೇಧ ಹಾಕಿದಾಗ ಆದ ಗಲಾಟೆಯ ಕಾಲು ಭಾಗವೂ ಸೇತುವೆ ಮುರಿದಾಗ ಆಗಿರಲಿಲ್ಲ.

ಬೋಟ್ ಇದ್ದ ದಿನ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗುತ್ತಾರೆ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದಲ್ಲಿ ಲಾವಾ ತಣ್ಣಗಾಗಿ ಆದ ಕಂಬಗಳಂಥ ಕಲ್ಲುಗಳು ಅಲ್ಲಿವೆ, ಎಂಟು ಕೋಟಿ ವರ್ಷಕ್ಕಿಂತ ಹಳೆಯವು. ಒದ್ದೆ ಬಟ್ಟೆ ಬದಲಾಯಿಸಲು ಒಳ್ಳೆ ಮರೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಶಿಲುಬೆ ನೆಟ್ಟು, ಹೆಸರಿಟ್ಟು ಹೋದ ಅನ್ನುವ ಪ್ರತೀತಿ ಇದೆ. ಬಂದೆ, ಗುರುತು ಹಾಕಿದೆ, ಹೋದೆ. ಸೆಲ್ಫಿ ಪಾಯಿಂಟ್‌ಗೆ ಅಡಿಗಲ್ಲು ಹಾಕಿದವನು ಅವನೇ ಇರಬೇಕು.

ಪ್ರವಾಸೋದ್ಯಮ ಇಲಾಖೆಗೆ ನನ್ನದೊಂದು ಸಲಹೆ. ಆ ದಪ್ಪ ಅಕ್ಷರಗಳನ್ನೂ ವೈಫೈಯನ್ನೂ ನೆಲಮಂಗಲ ಟೋಲ್ ಪಕ್ಕಕ್ಕೆ ತಂದುಬಿಡಿ. ಹಿಂದೆ ಒಂದು ನೀಲಿ ಪರದೆ, ಗೋಬಿ ಗಾಡಿ, ಸೀಟಿ ಊದಲು ಒಬ್ಬ. ಜನರ ಡೀಸೆಲ್ ಉಳಿಯುತ್ತದೆ, ಶಿರಾಡಿ ಘಾಟಿಗೂ ಸ್ವಲ್ಪ ಉಸಿರಾಡಲು ಸಿಗುತ್ತದೆ. ಕಾಲಡಿಗೆ ಎರಡು ಲೋಡ್ ಮರಳು ಮಾತ್ರ ಉಡುಪಿಯಿಂದಲೇ ತರಿಸಬೇಕು. ಆದರೆ ಅದಕ್ಕೆ ಪರ್ಮಿಟ್ ಬೇಕು ನೋಡಿ, ಅದರ ಬದಲು ಸಮುದ್ರವನ್ನೇ ತರಿಸುವುದು ಸುಲಭ.