ನಡಾವಳಿಗೆ ಹಾಕಿ

ನಮ್ಮ ಮನೆ ಎದುರಿನ ಬೀದಿ ದೀಪ ಈಗ, ಮಟಮಟ ಮಧ್ಯಾಹ್ನ, ಜೋರಾಗಿ ಉರಿಯುತ್ತಿದೆ. ಸಂಜೆ ಏಳಕ್ಕೆ ಆರಿಹೋಗುತ್ತದೆ. ಇದನ್ನು ಹೇಳೋಣ ಅಂತಲೇ ನಿನ್ನೆ ಗ್ರಾಮಸಭೆಗೆ ಹೋಗಿದ್ದೆ. ಹೋದ ಸಲವೂ ಹೋಗಿದ್ದೆ.

ನಿಮ್ಮೂರಲ್ಲೂ ಹೀಗೇ ಇರುತ್ತದೆ ಬಿಡಿ. ಹತ್ತೂವರೆಗೆ ಸಭೆ ಅಂತ ಆಟೋಗೆ ಮೈಕ್ ಕಟ್ಟಿ ಸಾರಿರುತ್ತಾರೆ, ಹನ್ನೊಂದೂವರೆಯಾದರೂ ವೇದಿಕೆ ಮೇಲೆ ಜನ, ಕೆಳಗೆ ಬರೀ ಕುರ್ಚಿ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು, ಕೋರಂ ಬೇರೆ ಬೇಕು. ಜನ ಬರದಿದ್ದರೇನು, ಹಾಜರಿ ಪುಸ್ತಕವೇ ಜನರ ಹತ್ತಿರ ಹೋಯಿತು. ಎದುರಿನ ಹೋಟೆಲಲ್ಲಿ ಚಾ ಕುಡಿಯುತ್ತಿದ್ದವರು, ಬಸ್ಸಿಗೆ ನಿಂತವರು, ಎಲ್ಲರೂ ಸಹಿ ಹಾಕಿ ಗ್ರಾಮಸಭೆಯಲ್ಲಿ ಪಾಲ್ಗೊಂಡರು.

ಮುಂದಿನ ಸಾಲಿನಲ್ಲಿ ಕೊಡೆ ಹಿಡಿದು ಕೂತ ಅಜ್ಜ ಒಬ್ಬರಿದ್ದಾರೆ. ಅವರದ್ದು ಒಂದೇ ಮಾತು: "ನಡಾವಳಿಗೆ ಹಾಕಿ!" ನೋಡಲ್ ಅಧಿಕಾರಿ ಎಲ್ಲರಿಗೂ ಸ್ವಾಗತ ಅಂದರು. ನಡಾವಳಿಗೆ ಹಾಕಿ! ಕರೆಂಟ್ ಹೋಯಿತು. ಟೈಮ್ ಸಮೇತ ನಡಾವಳಿಗೆ ಹಾಕಿ! ಅಡಿಕೆ ತೋಟಕ್ಕೆ ಮಂಗನ ಕಾಟ ಅಂತ ಯಾರೋ ಎದ್ದರು, ಅರಣ್ಯದವರು ಮೇಲಿನವರಿಗೆ ತಿಳಿಸುತ್ತೇವೆ ಅಂದರು. "ತಿಳಿಸ್ತೀವಿ ಅಂದದ್ದು ಹಾಕಿ. ಯಾವತ್ತು ತಿಳಿಸ್ತೀರಿ, ಅದನ್ನೂ ಹಾಕಿ." ಮೊದಲ ಹತ್ತು ಸಲ ನಗು ಬಂತು. ಆಮೇಲೆ ನನಗೂ ತಲೆ ಕೆಟ್ಟಿತು.

ಅಷ್ಟರಲ್ಲಿ ಹೋದ ಸಭೆಯ ನಡಾವಳಿ ಓದಿದರು. "ಬೀದಿ ದೀಪವು ಹಗಲಿನಲ್ಲಿಯೂ ಉರಿಯುತ್ತಿರುವುದನ್ನು ಗಮನಕ್ಕೆ ತರಲಾಗಿ, ಸಭೆಯು ಹರ್ಷ ವ್ಯಕ್ತಪಡಿಸಿತು."

ನಾನು ಎದ್ದುನಿಂತೆ. ಹರ್ಷ ಯಾರಿಗ್ರೀ, ನಾನು ಹೇಳಿದ್ದು ದೂರು! ಕಾರ್ಯದರ್ಶಿ ಪಾಪ, ಹೊಸಬರು. ಬರೆದದ್ದನ್ನು ಸುಮ್ನೆ ಹೊಡೆದುಹಾಕಲು ಬರಲ್ಲ, ಅದಕ್ಕೊಂದು ಠರಾವು ಆಗಬೇಕು ಅಂದರು. ಸರಿ, ಹರ್ಷ ವಾಪಸ್ ಪಡೆಯುವ ಬಗ್ಗೆ ಚರ್ಚೆ ಶುರುವಾಯಿತು. ಹರ್ಷ ಪಟ್ಟದ್ದು ಇಡೀ ಸಭೆ, ಒಬ್ಬರು ಹೇಳಿದ ಮಾತ್ರಕ್ಕೆ ತೆಗೆಯುವುದು ಹೇಗೆ ಅಂತ ಒಬ್ಬ ಸದಸ್ಯರು. ಹರ್ಷ ಇರಲಿ, ಪಕ್ಕದಲ್ಲಿ ಬೇಸರ ಅಂತಲೂ ಸೇರಿಸಿ ಅಂತ ಇನ್ನೊಬ್ಬರು. ಹೋದ ವರ್ಷ ನಮ್ಮ ವಾರ್ಡಿಗೆ ಹರ್ಷವೂ ಬಂದಿಲ್ಲ, ದೀಪವೂ ಬಂದಿಲ್ಲ ಅಂತ ಹಿಂದಿನಿಂದ ಒಂದು ದನಿ. ಇಪ್ಪತ್ತು ನಿಮಿಷ! ಕೊನೆಗೆ ಕೈ ಎತ್ತಿಸಿ ಹರ್ಷ ತೆಗೆದರು. ದೀಪದ ವಿಷಯಕ್ಕೆ ಬರುವಷ್ಟರಲ್ಲಿ ಪಲಾವ್ ಬಂತು, ಸಭೆ ಮುಗಿಯಿತು. ಪಲಾವಿಗೆ ಉಪ್ಪಿರಲಿಲ್ಲ. ಅದನ್ನೂ ಹಾಕಿಸಿದರು ಅಜ್ಜ.

ಕೈ ತೊಳೆಯುವ ಹೊತ್ತಿಗೆ ಅಜ್ಜ ಪಕ್ಕದಲ್ಲೇ ಇದ್ದರು. ಅಷ್ಟೊಂದು ಯಾಕಜ್ಜ ಬರೆಸ್ತೀರಿ ಅಂದೆ, ಸ್ವಲ್ಪ ಸಿಟ್ಟಲ್ಲೇ.

"ರಸ್ತೆಗೆ ಅಂತ ನನ್ನ ಗದ್ದೆ ಅಂಚು ಬಿಟ್ಟುಕೊಟ್ಟೆ ಮಾರಾಯ. ಮೋರಿ ಹಾಕಿಸಿ ಕೊಡ್ತೀವಿ ಅಂದಿದ್ರು, ಅರಳಿಕಟ್ಟೆ ಮೇಲೆ ಕೂತು, ಎಲ್ಲರ ಎದುರಿಗೆ. ಆಮೇಲೆ ಕೇಳಿದ್ರೆ ದಾಖಲೆ ಎಲ್ಲಿ ಅಂತಾರೆ. ಅಂದು ಕಟ್ಟೆ ಮೇಲಿದ್ದೋರು ಈಗ ನಾನೊಬ್ಬನೇ."

ಮಳೆಗಾಲದಲ್ಲಿ ಆ ಗದ್ದೆ ಕೆರೆಯಾಗಿ ನಿಲ್ಲುವುದನ್ನು ನಾನೂ ನೋಡಿದ್ದೇನೆ. ಏನು ಹೇಳಲೂ ತೋಚಲಿಲ್ಲ.

"ನಿಂದು ದೀಪದ್ದು ಬರ್ಕೊಂಡ್ರಾ?"

"ಬರ್ಕೊಂಡಿರಬೇಕು ಅಜ್ಜ."

"ಇರಬೇಕು ಅಂದ್ರೆ? ನೋಡ್ಲಿಲ್ವಾ?"

ಕೊಡೆ ಊರಿಕೊಂಡು ಮತ್ತೆ ಒಳಗೆ ಹೋದರು. ಒಳಗೆ ಕುರ್ಚಿ ಎತ್ತಿಡುತ್ತಿದ್ದರು. ನಾನೂ ಹಿಂದೆಯೇ ಹೋದೆ.